ಒಪ್ಪಿಗೆ ಪಡೆದು ಓಡಿಹೋಗುವುದು

ಏಪ್ರಿಲ್ ತಿಂಗಳು ಹತ್ತಿರ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಒಂದು ಕಾಲಕ್ಕೆ ಬೀಜಗಣಿತದ ಲೆಕ್ಕ ಬಿಡಿಸಲಾಗದೆ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದವರು ಈಗ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ತಂದೆತಾಯಿಗಳಾಗಿದ್ದಾರೆ. “ಟೀಚರ್, ಮಗಳು ಬೇಸಿಗೆ ಶಿಬಿರಕ್ಕೆ ಹೋಗ್ತೀನಿ ಅಂತಾಳೆ. ಹದಿನೈದು ದಿನ ಅಲ್ಲೇ ಇರಬೇಕಂತೆ. ಚಿತ್ರ, ಮಣ್ಣಿನ ಕೆಲಸ, ನಾಟಕ ಎಲ್ಲ ಕಲಿಸ್ತಾರಂತೆ. ಕಳಿಸೋದಾ, ಬೇಡವಾ?” ಎಂದು ಕೇಳುತ್ತಾರೆ. ಲೆಕ್ಕಕ್ಕಾದರೆ ಪುಸ್ತಕದ ಕೊನೆಯಲ್ಲಿ ಉತ್ತರವಿರುತ್ತದೆ. ಇಂಥ ಪ್ರಶ್ನೆಗೆ ಇರುವುದಿಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ, ನಾನೇ ಒಂದು ಸಲ ಈ ಹೊಳೆ ದಾಟಿದ ಕಥೆಯನ್ನು ಇಲ್ಲಿ ಬರೆದಿಡುವುದು ಮೇಲೆಂದು ತೋರಿತು. ಇದು ನನ್ನ ಮಗಳ ಕಥೆಯೂ ಆದ್ದರಿಂದ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. “ಬರಿ ಅಮ್ಮ, ಆದರೆ ನನ್ನನ್ನು ತೀರಾ ಒಳ್ಳೆಯವಳನ್ನಾಗಿ ಮಾಡಬೇಡ” ಎಂದಿದ್ದಾಳೆ.

ಕಲೆಗಾಗಿ ಮಕ್ಕಳು ಮನೆಬಿಟ್ಟು ಹೋಗುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹಿಂದಿನವರಲ್ಲಿ ಅನೇಕರು ಹೇಳಿ ಹೋದವರಲ್ಲ, ಓಡಿಹೋದವರು. ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆಯಿಂದ ಹೊರಟುಬಿಟ್ಟರು. ಉತ್ತರದ ಊರೂರು ಅಲೆದವರನ್ನು ತಂದೆ ಕೊನೆಗೆ ಜಲಂಧರದಲ್ಲಿ ಪತ್ತೆಮಾಡಿ ಕರೆತಂದರು. ಅವರು ಬಯಸಿದ ಗುರು ಆಮೇಲೆ ಸಿಕ್ಕಿದ್ದು ಗದಗಿಗೆ ಹತ್ತಿರವೇ ಇರುವ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಬಂಟ್ವಾಳ ಸೀಮೆಯ ಬಿ. ವಿ. ಕಾರಂತರೂ ಚಿಕ್ಕಂದಿನಲ್ಲಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದವರೇ. ಆ ಹುಡುಗನನ್ನು ಮುಂದೆ ಓದಲು ಕಾಶಿಗೆ ಕಳಿಸಿಕೊಟ್ಟವರು ಗುಬ್ಬಿ ವೀರಣ್ಣನವರು. ಓಡಿಬಂದವನನ್ನು ಒಬ್ಬ ಹಿರಿಯರು ‘ಕಳಿಸಿಕೊಟ್ಟರು’ ಎಂಬ ಮಾತು ನನಗೆ ಯಾವಾಗಲೂ ಹಿಡಿಸುತ್ತದೆ.

ಅನಂತರದ ಕಾಲದಲ್ಲಿ ಹೇಳಿಯೇ ಹೋಗಿ ಉಳಿದು ಕಲಿಯುವ ಜಾಗಗಳು ಹುಟ್ಟಿಕೊಂಡವು. ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ನಡೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಊಟ, ವಸತಿ, ಸಂಗೀತ ಮೂರೂ ದೊರೆತವು. ಉಡುಪಿಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಇವೆಲ್ಲ ದೀರ್ಘಕಾಲದ ಕಲಿಕೆಯ ತಾಣಗಳು. ನಮ್ಮ ಮಕ್ಕಳು ಹೋಗುವ ಎರಡು ಮೂರು ವಾರಗಳ ಬೇಸಿಗೆ ಶಿಬಿರ ಅವುಗಳ ಬಳಿ ಬಹಳ ಸಣ್ಣದು. ಆದರೂ ಅದರೊಳಗೆ ಆ ಹಳೆಯ ಓಟದ ಒಂದು ಚೂರು ಇದೆ. ಒಪ್ಪಿಗೆ ಪಡೆದು, ಹಿಂದಿರುಗುವ ದಿನ ಗೊತ್ತುಮಾಡಿಕೊಂಡು, ಅಮ್ಮ ಕಟ್ಟಿಕೊಟ್ಟ ಉಂಡೆಯ ಡಬ್ಬಿ ಹಿಡಿದುಕೊಂಡು ಓಡಿಹೋಗುವುದು ಅದು.

ಇನ್ನು ನಮ್ಮ ಮನೆಯ ವಿಷಯ. ಆಗ ನಾನು ಅರಸೀಕೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಮ್ಮ ಮನೆಯವರು ಅಂಚೆ ಇಲಾಖೆಯಲ್ಲಿದ್ದರು. ಮಗಳು ನನ್ನ ಶಾಲೆಯಲ್ಲಿಯೇ ಓದುತ್ತಿದ್ದಳು. 2003ರ ಮಾರ್ಚಿಗೆ ಒಂಬತ್ತನೆಯ ತರಗತಿ ಮುಗಿಸಿದ್ದಳು. ತಾಯಿ ಕಲಿಸುವ ಶಾಲೆಯಲ್ಲಿ ಓದುವ ಮಗುವಿನ ಕಷ್ಟವೇನೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಅವಳು ನನ್ನನ್ನು ‘ಟೀಚರ್’ ಎನ್ನಬೇಕಾಗಿತ್ತು. ಎಷ್ಟೋ ಸಲ ರಾತ್ರಿ ಊಟದ ಹೊತ್ತಿನಲ್ಲಿಯೂ “ಟೀಚರ್, ಸಾರು” ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಒಳ್ಳೆಯ ಅಂಕ ಬಂದರೆ ‘ಟೀಚರ್ ಮಗಳಲ್ಲವೇ’ ಎನ್ನುವರು. ಕಡಿಮೆ ಬಂದರೂ ಅದೇ ಮಾತು, ಧ್ವನಿ ಮಾತ್ರ ಬೇರೆ. ಅಂಗಡಿಯವರಿಗೆ, ಬಸ್ ನಿಲ್ದಾಣದಲ್ಲಿ ಹೂ ಮಾರುವಾಕೆಗೆ, ದೇವಸ್ಥಾನದ ಅರ್ಚಕರಿಗೆ, ಊರಿನ ಎಲ್ಲರಿಗೂ ಅವಳು ಟೀಚರ್ ಮಗಳು. ಅವಳಿಗೊಂದು ಹೆಸರಿತ್ತು ಎಂಬುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿದ್ದಂತಿತ್ತು.

ಚಿತ್ರ ಬರೆಯುವ ಗೀಳು ಅವಳಿಗೆ ಮೊದಲಿನಿಂದಲೂ ಇತ್ತು. ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯನ್ನು ಪಾಸು ಮಾಡಿದ್ದಳು. ನಮ್ಮ ಶಾಲೆಯ ಯಾವ ಸಮಾರಂಭವಾದರೂ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಸ್ವಾಗತದ ಚಿತ್ರ ಬಿಡಿಸುವ ಕೆಲಸ ಅವಳದೇ. ನೋಡಿದವರೆಲ್ಲ ‘ಬಹಳ ಚೆನ್ನಾಗಿದೆ’ ಎನ್ನುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಅವಳ ಗಣಿತದ ನೋಟ್‌ಬುಕ್ ತಿದ್ದುವಾಗ ಕೊನೆಯ ಪುಟದಲ್ಲಿ ವೃತ್ತಪತ್ರಿಕೆಯ ಒಂದು ತುಣುಕು ಅಂಟಿಸಿದ್ದನ್ನು ಕಂಡೆ. ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಕಲಾವಿದರ ಸಣ್ಣ ಬಳಗವೊಂದು ಏಪ್ರಿಲ್ 14ರಿಂದ ಮೇ 4ರವರೆಗೆ, ಇಪ್ಪತ್ತೊಂದು ದಿನ, ಚಿತ್ರಕಲೆ ಮತ್ತು ಮಣ್ಣಿನ ಕೆಲಸದ ವಸತಿ ಶಿಬಿರ ನಡೆಸುವ ಪ್ರಕಟಣೆ ಅದು. ಬಾಯಿಬಿಟ್ಟು ಕೇಳಲು ಧೈರ್ಯ ಸಾಲದೆ, ನಾನು ತಿದ್ದಲು ತೆಗೆದುಕೊಳ್ಳುವ ಪುಸ್ತಕದಲ್ಲಿಯೇ ಅಂಟಿಸಿಟ್ಟಿದ್ದಳು. ಅದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ‘ನೋಡೋಣ’ ಎಂದು ಬರೆದು ರುಜು ಮಾಡಿದೆ.

ಮನೆಯಲ್ಲಿ ಚರ್ಚೆ ಒಂದು ವಾರ ನಡೆಯಿತು. ನಮ್ಮ ಅತ್ತೆಯವರದು ನೇರ ಮಾತು. “ಹೆಣ್ಣು ಹುಡುಗಿ, ಮುಂದಿನದು ಎಸ್ಸೆಸ್ಸೆಲ್ಸಿ. ಮಣ್ಣು ಕಲೆಸೋಕೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಹಿತ್ತಿಲಲ್ಲಿ ಮಣ್ಣಿಲ್ವೇ?” ಸಹೋದ್ಯೋಗಿಗಳಿಗಂತೂ ಆಶ್ಚರ್ಯ. ಹತ್ತನೆಯ ತರಗತಿಯ ಪಾಠಗಳನ್ನು ಏಪ್ರಿಲ್‌ನಲ್ಲಿಯೇ ಶುರುಮಾಡಿಸುವ ಮನೆಪಾಠದ ಕಾಲ ಅದು. ಗಣಿತದ ಟೀಚರೇ ಮಗಳನ್ನು ಗಣಿತ ಬಿಡಿಸಿ ಕಳಿಸುತ್ತಾರೆಂದರೆ ಹೇಗೆ? ನಮ್ಮ ಮನೆಯವರು ಮಾತ್ರ ಎರಡು ದಿನ ಸುಮ್ಮನಿದ್ದು, “ಅವಳು ಇದುವರೆಗೆ ಏನನ್ನೂ ಕೇಳಿದವಳಲ್ಲ. ಇದೊಂದು ಕೇಳಿದ್ದಾಳೆ” ಎಂದರು. ನನಗೂ ಅದೇ ತೂಕದ ಮಾತೆನಿಸಿತು.

ಹಾಗೆಂದು ಕಣ್ಣುಮುಚ್ಚಿ ಕಳಿಸಲಿಲ್ಲ. ಶಿಬಿರದವರಿಗೆ ಏಳು ಪ್ರಶ್ನೆಗಳ ಒಂದು ಪತ್ರ ಬರೆದೆ. ಹುಡುಗಿಯರೆಷ್ಟು ಮಂದಿ, ರಾತ್ರಿ ಅವರ ಜೊತೆ ಮಲಗುವ ಹೆಂಗಸರು ಯಾರು? ಬಚ್ಚಲು, ಶೌಚಾಲಯ ಮಲಗುವ ಮನೆಯಿಂದ ಎಷ್ಟು ದೂರ, ದಾರಿಯಲ್ಲಿ ದೀಪವಿದೆಯೇ? ಕುಡಿಯುವ ನೀರು ಎಲ್ಲಿಯದು? ಜ್ವರ ಬಂದರೆ ವೈದ್ಯರು ಎಷ್ಟು ಹತ್ತಿರದಲ್ಲಿದ್ದಾರೆ? ಮುಟ್ಟಿನ ದಿನಗಳಿಗೆ ಏನು ಅನುಕೂಲ? ಮಕ್ಕಳನ್ನು ಶಿಬಿರದಿಂದ ಹೊರಗೆ ಕರೆದೊಯ್ಯುವ ಅಧಿಕಾರ ಯಾರಿಗಿದೆ? ಇವು ಆರು. ಏಳನೆಯದನ್ನು ನಮ್ಮ ಅಂಚೆಯವರು ಸೇರಿಸಿದರು: ಕೊನೆಗೆ ಪ್ರಮಾಣಪತ್ರ ಕೊಡುತ್ತೀರಾ? ಹತ್ತು ದಿನಕ್ಕೆ ಇನ್‌ಲ್ಯಾಂಡ್ ಪತ್ರದಲ್ಲಿ ಉತ್ತರ ಬಂತು. ಆರು ಪ್ರಶ್ನೆಗಳಿಗೂ ಅಂಕಿ ಹಾಕಿ ಒಂದೊಂದಾಗಿ ಬರೆದಿದ್ದರು. ಶೌಚಾಲಯ ಎಷ್ಟು ಹೆಜ್ಜೆ ದೂರವೆಂದು ಸಹ ನಡೆದು ಎಣಿಸಿ ತಿಳಿಸಿದ್ದರು. ಏಳನೆಯದಕ್ಕೆ, “ಪ್ರಮಾಣಪತ್ರ ಕೊಡುವುದಿಲ್ಲ. ಮಗು ಮಾಡಿದ ಮಡಕೆಯನ್ನು ಕೊಟ್ಟು ಕಳಿಸುತ್ತೇವೆ, ಒಡೆಯದಿದ್ದರೆ” ಎಂದಿತ್ತು. ಹೆಜ್ಜೆ ಎಣಿಸಿದವರನ್ನು ನಂಬಬಹುದೆಂದು ನಾನು ನಿರ್ಧರಿಸಿದೆ.

ಏಪ್ರಿಲ್ 13, ಭಾನುವಾರ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಾಣಾವರ, ಕಡೂರು, ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗ ಸೇರಿ, ಅಲ್ಲಿಂದ ಆನಂದಪುರದ ಮೇಲೆ ಸಾಗರಕ್ಕೆ ಹೋದೆವು. ತೆಂಗಿನ ಸೀಮೆಯ ಕೆಂಪು ಬಯಲು ಕಳೆದು ಅಡಿಕೆ ತೋಟಗಳ ತಂಪು ಬರುವವರೆಗೂ ಮಗಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಬೇಡವೆಂದು ವಾದಿಸಿದ್ದ ಅತ್ತೆಯವರೇ ಹಿಂದಿನ ರಾತ್ರಿ ರವೆ ಉಂಡೆ ಕಟ್ಟಿ, “ಯಾರಿಗೂ ಕೊಡದೆ ಒಬ್ಬಳೇ ತಿನ್ನಬೇಡ” ಎಂದು ಡಬ್ಬಿ ಕೊಟ್ಟಿದ್ದರು. ಶಿಬಿರ ನಡೆಯುವುದು ಒಂದು ಹಳೆಯ ಹೆಂಚಿನ ಮನೆ, ಅದರ ಅಂಗಳ, ಪಕ್ಕದ ಕೊಟ್ಟಿಗೆಯಲ್ಲಿ. ಹೊಣೆ ಹೊತ್ತ ಹೆಣ್ಣುಮಗಳು, ನನ್ನದೇ ವಯಸ್ಸಿನವರು, ಮುರುಗಲ ಹಣ್ಣಿನ ಪಾನಕ ಕೊಟ್ಟು, “ಮೇಡಂ, ಕೊನೆಯ ದಿನ ಬನ್ನಿ. ಮಧ್ಯದಲ್ಲಿ ಬರಬೇಡಿ. ಏನಾದರೂ ಇದ್ದರೆ ನಾವೇ ಫೋನ್ ಮಾಡ್ತೇವೆ” ಎಂದರು. ಇಪ್ಪತ್ತಾರು ಮಕ್ಕಳು ಬಂದಿದ್ದರು. ಮಗಳು ನನ್ನ ಸೆರಗನ್ನು ಹಿಡಿಯಲಿಲ್ಲ, ಕೈಬೀಸಲೂ ಇಲ್ಲ. ಯಾರೋ ಕರೆದರೆಂದು ಒಳಗೆ ಹೋದವಳು ನಾನು ಹೊರಡುವಾಗ ಹೊರಗೆ ಬರಲೇ ಇಲ್ಲ.

ನಾಲ್ಕನೆಯ ದಿನ, ಗುರುವಾರ ಸಂಜೆ, ನೆರೆಮನೆಯ ಫೋನಿಗೆ ಕರೆ ಬಂತು. ಹಳ್ಳಿಯ ಎಸ್‌ಟಿಡಿ ಬೂತಿನಿಂದ ಮಗಳು ಮಾತನಾಡುತ್ತಿದ್ದಳು. “ಅಮ್ಮ, ಬಂದು ಕರ್ಕೊಂಡು ಹೋಗು” ಎಂದವಳು ಮುಂದೆ ಮಾತು ಬಾರದೆ ಅತ್ತಳು. ಯಾರಾದರೂ ಏನಾದರೂ ಅಂದರೇ, ಹೊಡೆದರೇ, ಮೈಮುಟ್ಟಿದರೇ ಎಂದು ಒಂದೊಂದಾಗಿ, ಬಿಡಿಸಿ, ಮೆಲ್ಲಗೆ ಕೇಳಿದೆ. ಎಲ್ಲಕ್ಕೂ ಇಲ್ಲವೆಂದಳು. ಊಟ ಸೇರುವುದಿಲ್ಲವೇ, ನಿದ್ದೆ ಬರುವುದಿಲ್ಲವೇ ಎಂದರೆ ಅದಕ್ಕೂ ಇಲ್ಲ. “ಸುಮ್ನೆ ಬೇಡ ಅನ್ನಿಸ್ತಿದೆ” ಎಂದಳು. ಆ ಕ್ಷಣದಲ್ಲಿ ಬೇಗ ಬೇಗ ಯೋಚಿಸಬೇಕಾಗಿತ್ತು. ನಾನು ಹೇಳಿದ್ದು ಇಷ್ಟು: “ಭಾನುವಾರದವರೆಗೆ ಇರು. ಅವತ್ತೂ ಹೀಗೇ ಅನ್ನಿಸಿದರೆ ಫೋನ್ ಮಾಡು. ಸೋಮವಾರ ಮೊದಲ ಬಸ್ಸಿಗೆ ಬಂದು ಕರ್ಕೊಂಡು ಬರ್ತೀನಿ. ಯಾಕೆ ಅಂತ ಕೇಳಲ್ಲ, ಆಮೇಲೂ ಯಾವತ್ತೂ ಆ ಮಾತು ಎತ್ತಲ್ಲ.” ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಮೇಲೂ ಎತ್ತಲ್ವಾ?” ಎಂದು ಕೇಳಿದಳು. “ಎತ್ತಲ್ಲ” ಎಂದೆ. ಫೋನ್ ಇಟ್ಟಳು. ಅನಂತರ ಶಿಬಿರದ ಆ ಹೆಣ್ಣುಮಗಳಿಗೂ ಫೋನ್ ಮಾಡಿ, ನನ್ನ ಮಗಳ ಮೇಲೆ ಒಂದು ಕಣ್ಣಿರಲಿ, ಆದರೆ ನಾನು ಹೇಳಿದೆನೆಂದು ತಿಳಿಯುವುದು ಬೇಡ ಎಂದು ಕೇಳಿಕೊಂಡೆ.

ಭಾನುವಾರ ನೆರೆಮನೆಯ ಜಗಲಿಯಲ್ಲಿ ಸಂಜೆ ನಾಲ್ಕರಿಂದ ಕುಳಿತಿದ್ದೆ. ಕರೆ ಬರಲಿಲ್ಲ. ರಾತ್ರಿ ಒಂಬತ್ತಾದ ಮೇಲೆ ಮನೆಗೆ ಬಂದು ತಟ್ಟೆಯ ಮುಂದೆ ಕುಳಿತಾಗ ಅನ್ನ ಇಳಿಯಲಿಲ್ಲ. ಮಗು ಅಳುತ್ತ ಕರೆದಾಗ ಏನು ಹೇಳಬೇಕೆಂಬುದು ನನಗೆ ಹೇಗೋ ಹೊಳೆದಿತ್ತು. ಕರೆಯದಿದ್ದಾಗ ಏನು ಮಾಡಬೇಕೆಂಬುದು ಯಾರೂ ಹೇಳಿಕೊಡದ ಪಾಠ. ಕಳಿಸುವುದು ಬಸ್ ನಿಲ್ದಾಣದಲ್ಲಿ ಮುಗಿಯುವ ಕೆಲಸವಲ್ಲವೆಂದು ಆ ರಾತ್ರಿ ತಿಳಿಯಿತು. ನಾನು ನಿಜವಾಗಿ ಮಗಳನ್ನು ಕಳಿಸಿಕೊಟ್ಟದ್ದು ಏಪ್ರಿಲ್ 20ರಂದು.

ಮುಂದಿನ ವಾರ ಒಂದು ಪತ್ರ ಬಂತು. ಮನೆಯವರ ಯೋಗಕ್ಷೇಮ ವಿಚಾರಿಸುವ ಎರಡು ಸಾಲು. ಉಳಿದ ಜಾಗವೆಲ್ಲ ಹಸೆ ಚಿತ್ತಾರದ ವಿಷಯ. ನಮ್ಮ ಬಯಲುಸೀಮೆಯವರಿಗೆ ಅದು ಅಷ್ಟಾಗಿ ತಿಳಿಯದು. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಮದುವೆಯ ಕಾಲದಲ್ಲಿ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಬರೆಯುವ ಚಿತ್ರಗಳವು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಬುಟ್ಟಿಯ ಮೇಲೂ ಅದೇ ಚಿತ್ತಾರ ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಅಕ್ಕಿಯನ್ನು ಕರಕಾಗುವಂತೆ ಹುರಿದು ಅರೆದರೆ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಶಿಬಿರದ ಮಕ್ಕಳನ್ನು ಹತ್ತಿರದ ಊರಿನ ಒಬ್ಬ ಅಜ್ಜಿಯ ಮನೆಗೆ ದಿನವೂ ನಡೆಸಿಕೊಂಡು ಹೋಗಿ, ಅವರ ಪಕ್ಕದಲ್ಲಿ ಕೂರಿಸುತ್ತಿದ್ದರಂತೆ. ಆ ಅಜ್ಜಿ ಕಲಿಸುತ್ತಿರಲಿಲ್ಲವಂತೆ, ಬರೆಯುತ್ತಿದ್ದರಂತೆ. ಒತ್ತೊತ್ತಾಗಿ ಉದ್ದುದ್ದ ಗೆರೆಗಳು. ಒಂದಕ್ಕೊಂದು ತಾಗಬಾರದು, ನಡುವೆ ನಾರನ್ನು ಎತ್ತಬಾರದು. “ಗೆರೆ ನಡುಗಿದರೆ ನಡುಗಲಿ, ನಿಲ್ಲಿಸಬೇಡ ಅಂದರು ಅಜ್ಜಿ” ಎಂದು ಪತ್ರದಲ್ಲಿ ಬರೆದಿದ್ದಳು.

ಆ ನಾಲ್ಕನೆಯ ದಿನದ ಅಳು ಏತಕ್ಕೆಂಬುದನ್ನು ನಾನು ಕೊಟ್ಟ ಮಾತಿನಂತೆ ಎಂದೂ ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಅವಳಿಗೆ ಕೆಲಸ ಸಿಕ್ಕಿದ ಹೊಸತರಲ್ಲಿ, ಒಂದು ರಾತ್ರಿ ಅವಳೇ ಹೇಳಿದಳು. ಮೊದಲ ಮೂರು ದಿನ ಅವಳು ಬರೆದ ಚಿತ್ರಗಳನ್ನು ಅಲ್ಲಿನ ಚಿತ್ರದ ಮೇಷ್ಟ್ರು ಎತ್ತಿ ನೋಡಿ, ಏನೂ ಹೇಳದೆ ಹಾಗೆಯೇ ಇಟ್ಟು ಮುಂದೆ ಹೋಗುತ್ತಿದ್ದರಂತೆ. ಎಲ್ಲರ ಚಿತ್ರವನ್ನೂ ಅವರು ಹಾಗೆಯೇ ನೋಡುತ್ತಿದ್ದುದು. ಆದರೆ ‘ಚೆನ್ನಾಗಿದೆ’ ಎಂಬ ಮಾತನ್ನು ಕೇಳದೆ ಒಂದು ಚಿತ್ರವನ್ನೂ ಕೆಳಗಿಟ್ಟು ಅಭ್ಯಾಸವಿಲ್ಲದ ಹುಡುಗಿಗೆ ನೆಲವೇ ಕುಸಿದಂತಾಯಿತು. “ಊರಲ್ಲಿ ಚೆನ್ನಾಗಿದೆ ಅಂತಿದ್ದರಲ್ಲ ಅಮ್ಮ, ಅದು ಚಿತ್ರಕ್ಕೆ ಹೇಳ್ತಿದ್ದರೋ ಟೀಚರ್ ಮಗಳಿಗೆ ಹೇಳ್ತಿದ್ದರೋ ಅಂತ ಅವತ್ತು ಮೊದಲನೇ ಸಲ ಅನುಮಾನ ಬಂತು. ಅದಕ್ಕೇ ಅತ್ತದ್ದು” ಎಂದಳು. ಹದಿನಾಲ್ಕರ ಹುಡುಗಿ ಇಂಥ ಅನುಮಾನವನ್ನು ಒಬ್ಬಳೇ ಹೊತ್ತುಕೊಂಡು ಮೂರು ದಿನ ಕಳೆದು, ಭಾನುವಾರ ಫೋನ್ ಮಾಡದೆ ಉಳಿದಳೆಂಬುದನ್ನು ನೆನೆದರೆ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ಬಿ.ಎಡ್. ಓದುವಾಗ ನಾವು ಸ್ಕಿನ್ನರನ ಪುನರ್ಬಲನ ತತ್ವವನ್ನು ಕಲಿತಿದ್ದೆವು. ಮೆಚ್ಚುಗೆಯಿಂದ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ಅದರ ಸಾರ. ಅರವತ್ತು ಮಕ್ಕಳ ತರಗತಿಯಲ್ಲಿ ಆ ತತ್ವ ನನ್ನನ್ನು ಎಂದೂ ಕೈಬಿಟ್ಟಿಲ್ಲ. ಲೆಕ್ಕಕ್ಕೆ ಸರಿ ತಪ್ಪು ಎಂಬುದಿದೆ. ಸರಿಯಾದಾಗ ‘ಭೇಷ್’ ಎನ್ನುವುದು ನ್ಯಾಯ. ಆದರೆ ತಾನು ಮಾಡಿದ್ದು ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಹೇಳದೆ ಇರುವಾಗ, ಅದರ ಮುಂದೆ ತಾನೇ ಕುಳಿತು ನೋಡುವ ಶಕ್ತಿಯೊಂದಿದೆ. ಅದನ್ನು ಕಲಿಯಲು ಮಗುವಿಗೆ ತನ್ನ ಪರಿಚಯವಿಲ್ಲದ ಜಾಗ ಬೇಕು, ಒಂದಷ್ಟು ದಿನ ಬೇಕು, ಓಡಿಬಂದು ಮುಖ ಮುಚ್ಚಿಕೊಳ್ಳಲು ಅಮ್ಮನ ಮಡಿಲು ಹತ್ತಿರದಲ್ಲಿ ಇರಬಾರದು. ಸಂಜೆಗೆ ಮನೆಗೆ ಹಿಂದಿರುಗುವ ಶಿಬಿರಗಳೂ ಒಳ್ಳೆಯವೇ. ಮೈಸೂರಿನ ರಂಗಾಯಣದ ಚಿಣ್ಣರ ಮೇಳವನ್ನು ನೋಡಿ ನಾನು ಸಂತೋಷಪಟ್ಟಿದ್ದೇನೆ. ಆದರೆ ಸಂಜೆ ಮನೆಗೆ ಬಂದ ಮಗುವಿಗೆ ನಾವು ‘ಇವತ್ತು ಏನು ಮಾಡಿದೆ, ತೋರಿಸು’ ಎನ್ನುತ್ತೇವೆ. ನೋಡಿ ‘ಚೆನ್ನಾಗಿದೆ’ ಎಂದೂ ಅನ್ನುತ್ತೇವೆ. ಉಳಿದುಕೊಳ್ಳುವ ಶಿಬಿರದ ವಿಶೇಷವೆಂದರೆ ರಾತ್ರಿಯಲ್ಲಿ ನಾವಿಲ್ಲದಿರುವುದೇ.

ಮೇ 4ರಂದು ಕರೆತರಲು ಹೋದೆವು. ಭರಣಿ ಮಳೆ ಹಿಂದಿನ ರಾತ್ರಿ ಹೊಯ್ದು ಅಂಗಳವೆಲ್ಲ ಹಸಿಯಾಗಿತ್ತು. ಭರಣಿ ಸುರಿದರೆ ಧರಣಿ ಬೆಳೆ ಎಂಬ ಗಾದೆಯನ್ನು ಅತ್ತೆಯವರು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಹೌದು, ಅವರೂ ಬಂದಿದ್ದರು. ವೇದಿಕೆ, ಭಾಷಣ, ಹಾರತುರಾಯಿ ಯಾವುದೂ ಇರಲಿಲ್ಲ. ಕೊಟ್ಟಿಗೆಯ ಗೋಡೆಗೆ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಹಾಕಿದ್ದರು. ಯಾವ ಚಿತ್ರದ ಕೆಳಗೂ ಹೆಸರಿರಲಿಲ್ಲ. ಅವಳದು ಯಾವುದೆಂದು ನನಗೆ ಗುರುತು ಸಿಗಲಿಲ್ಲ. ಒಂಬತ್ತು ವರ್ಷ ಅವಳ ಚಿತ್ರಗಳನ್ನು ನೋಡಿದ್ದ ನಾನು ಇಪ್ಪತ್ತಾರು ಮಕ್ಕಳ ಚಿತ್ರಗಳ ನಡುವೆ ಸುತ್ತುತ್ತಿದ್ದಾಗ ಒಬ್ಬ ಹುಡುಗ, ಹಲಸಿನ ಹಪ್ಪಳ ಮೆಲ್ಲುತ್ತ, ನನ್ನ ಹತ್ತಿರ ಬಂದು ಮಗಳ ಹೆಸರು ಹೇಳಿ, “ನೀವು ಅವಳ ಅಮ್ಮ ಅಲ್ವಾ ಆಂಟಿ? ನೀವು ಏನು ಕೆಲಸ ಮಾಡ್ತೀರಿ?” ಎಂದು ಕೇಳಿದ.

ಇಪ್ಪತ್ತೊಂದು ದಿನ, ರಾತ್ರಿಯ ಹರಟೆಗಳೆಲ್ಲ ನಡೆದೂ, ತನ್ನ ತಾಯಿ ಟೀಚರೆಂದು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಳೆಂದಲ್ಲ, ಹೇಳಬೇಕಾದ ಸಂದರ್ಭವೇ ಬಂದಿರಲಿಲ್ಲ. ನಾನು ಹುಡುಗನಿಗೆ “ಗಣಿತ ಹೇಳಿಕೊಡ್ತೀನಪ್ಪ” ಎಂದೆ. “ಅಯ್ಯೋ!” ಎಂದು ಓಡಿಹೋದ. ಅಲ್ಲಿಯವರೆಗೆ ಊರವರೆಲ್ಲ ಅವಳನ್ನು ನನ್ನ ಹೆಸರಿನಿಂದ ಗುರುತಿಸಿದ್ದರು. ಅವಳ ಹೆಸರಿನಿಂದ ಯಾರಾದರೂ ನನ್ನನ್ನು ಗುರುತಿಸಿದ್ದು ಅದೇ ಮೊದಲು. ಯಾವ ಪ್ರಶಸ್ತಿಗಿಂತಲೂ ಅದು ನನಗೆ ಹೆಚ್ಚಿನದು.

ಮಡಕೆ ಶಿವಮೊಗ್ಗದವರೆಗೆ ಇಡಿಯಾಗಿ ಬಂದು, ಬಸ್ಸಿನ ನೂಕುನುಗ್ಗಲಿನಲ್ಲಿ ಬಾಯಿ ಮುಕ್ಕಾಯಿತು. ಅತ್ತೆಯವರು ಅದರಲ್ಲಿ ತೀರಿಕೊಳ್ಳುವವರೆಗೂ ಹುಣಸೆಹಣ್ಣು ತುಂಬಿಟ್ಟಿದ್ದರು. ಮಗಳು ಹತ್ತನೆಯ ತರಗತಿಯಲ್ಲಿ ಮೊದಲಿನಷ್ಟೇ ಓದಿದಳು, ಮೊದಲಿನಷ್ಟೇ ಅಂಕ ಬಂತು. ಶಿಬಿರಕ್ಕೆ ಹೋದದ್ದರಿಂದ ಅಂಕ ಏರಿತೆಂದು ಹೇಳಿ ಯಾರನ್ನೂ ಮರುಳು ಮಾಡಲಾರೆ, ಇಳಿಯಲೂ ಇಲ್ಲ. ಚಿತ್ರಕಲೆ ಅವಳ ಅನ್ನವಾಗಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ದೀಪಾವಳಿಗೆ ಬಂದಾಗ ನಮ್ಮ ದೇವರಮನೆಯ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾಳೆ. ನಾನು ನೋಡುತ್ತೇನೆ, ಏನೂ ಹೇಳುವುದಿಲ್ಲ. ಅವಳೇ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, “ಈ ಕಡೆ ಗೆರೆ ಸರಿಹೋಗಲಿಲ್ಲ, ಇರಲಿ” ಎನ್ನುತ್ತಾಳೆ. ಬ್ಯಾಂಕಿನ ಒಂದು ಕಷ್ಟದ ವರ್ಷದಲ್ಲಿ, ಮೇಲಿನವರಿಂದ ಒಂದು ಒಳ್ಳೆಯ ಮಾತಿಲ್ಲದೆ ದುಡಿದ ಕಾಲದಲ್ಲಿ, ಅವಳನ್ನು ಕಾಪಾಡಿದ್ದು ಈ ‘ಇರಲಿ’ಯೇ ಎಂದು ನನ್ನ ನಂಬಿಕೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಗು ತಾನಾಗಿ ಕೇಳಿದರೆ ಕಳಿಸಿರಿ. ಕೇಳದ ಮಗುವನ್ನು ಪಕ್ಕದ ಮನೆಯವರು ಕಳಿಸಿದರೆಂದು ದೂಡಬೇಡಿರಿ. ಕಳಿಸುವ ಮೊದಲು ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳಿರಿ. ರಾತ್ರಿ ಯಾರು ಜೊತೆಗಿರುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿರಿ. 2012ರಲ್ಲಿ ಪೋಕ್ಸೋ ಕಾಯ್ದೆ ಬಂದ ಮೇಲೆ ಮಕ್ಕಳ ರಕ್ಷಣೆಯ ಬಗ್ಗೆ ಬಾಯಿಬಿಟ್ಟು ಮಾತನಾಡುವುದು ನಮ್ಮಲ್ಲಿ ಸ್ವಲ್ಪ ಸುಲಭವಾಗಿದೆ. ಒಳ್ಳೆಯ ಶಿಬಿರದವರು ಇಂಥ ಪ್ರಶ್ನೆಗೆ ಸಿಡುಕುವುದಿಲ್ಲ, ಹೆಜ್ಜೆ ಎಣಿಸಿ ಉತ್ತರಿಸುತ್ತಾರೆ. ಸಿಡುಕಿದರೆ ಅಲ್ಲಿಗೆ ಕಳಿಸಬೇಡಿರಿ. ಮಕ್ಕಳ ಸಹಾಯವಾಣಿ 1098 ಎಂಬ ಅಂಕಿಯನ್ನು ಮಗುವಿಗೆ ಬಾಯಿಪಾಠ ಮಾಡಿಸಿರಿ. ಮಗು ಕರೆದರೆ ಬಂದೇ ಬರುವಿರಿ ಎಂಬ ನಂಬಿಕೆಯನ್ನು ಮೊದಲೇ ಕೊಟ್ಟಿಡಿರಿ; ಆ ನಂಬಿಕೆ ಇರುವ ಮಗು ಸುಮ್ಮಸುಮ್ಮನೆ ಕರೆಯುವುದಿಲ್ಲ, ನಿಜವಾದ ಕಷ್ಟ ಬಂದಾಗ ಮುಚ್ಚಿಡುವುದೂ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕೈಬಿಡಿರಿ. ಈಗಿನ ಶಿಬಿರಗಳಲ್ಲಿ ಪ್ರತಿದಿನ ವಾಟ್ಸಾಪಿಗೆ ಫೋಟೋ ಕಳಿಸುವ ರೂಢಿಯಿದೆ. ಮಗು ಕ್ಷೇಮವಾಗಿದೆ ಎಂಬ ಒಂದು ಸಾಲು ಸಾಕು. ಅದು ಏನು ಮಾಡಿತೆಂಬ ಫೋಟೋ ಬೇಡವೆಂದು ನೀವಾಗಿಯೇ ಹೇಳಿರಿ. ಮನೆಗೆ ಬಂದ ಮಗುವಿಗೆ ‘ಏನು ಕಲಿತೆ, ಎಲ್ಲರೆದುರು ಮಾಡಿ ತೋರಿಸು’ ಎನ್ನಬೇಡಿರಿ. ಅದು ತನ್ನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದಿರುತ್ತದೆ. ಕೆಲವೊಮ್ಮೆ ಹತ್ತು ವರ್ಷದ ಮೇಲೆ, ರಾತ್ರಿಯ ಹೊತ್ತು, ತಾನಾಗಿಯೇ ಹೇಳುತ್ತದೆ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ನನ್ನ ಮಗಳು ಸಾಗರದಲ್ಲಿದ್ದ ಆ ಮೂರು ವಾರ ಅವಳ ತರಗತಿಯ ಎಷ್ಟೋ ಮಕ್ಕಳು ತೆಂಗಿನಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ಕೆಲಸದಲ್ಲಿದ್ದರು. ಅವರಿಗೆ ರಜೆಯೆಂದರೆ ಕೂಲಿಯ ಕಾಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಾಗಬೇಕೆಂದು ಹೇಳಿದಾಗ ನಾನು ಮೊದಲು ನೆನೆದದ್ದು ಆ ಮಕ್ಕಳನ್ನು. ಆ ವರ್ಷ ಶಾಲೆ ತೆರೆದ ಮೇಲೆ ಮಗಳು ಶನಿವಾರದ ಮಧ್ಯಾಹ್ನಗಳಲ್ಲಿ ಶಾಲೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ತೆಂಗಿನ ನಾರಿನ ಕುಂಚ ಮಾಡಿ, ಐದಾರು ಗೆಳತಿಯರೊಂದಿಗೆ ಗೆರೆ ಎಳೆಯುತ್ತಿದ್ದಳು. ಪುಂಡಿಯ ನಾರು ನಮ್ಮ ಕಡೆ ಸಿಗಲಿಲ್ಲ. ತೆಂಗಿನ ನಾರು ಒರಟು, ಗೆರೆ ದಪ್ಪ ಬರುತ್ತಿತ್ತು. ಅವರಲ್ಲಿ ಒಬ್ಬಳು, ಕೊಬ್ಬರಿ ಒಡೆದು ಕೈ ಒರಟಾಗಿದ್ದವಳು, ಎಲ್ಲರಿಗಿಂತ ನೇರವಾಗಿ, ಉಸಿರು ಹಿಡಿದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆ ಎಳೆಯುತ್ತಿದ್ದಳು. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಒಂದು ಫೋನ್ ಮಾಡಲಿ. ಅವಳ ಮಕ್ಕಳಿಗೂ ಈಗ ಹದಿಮೂರೋ ಹದಿನಾಲ್ಕೋ ಆಗಿರಬೇಕು.